ಮೊದಲ ಜೋಲಿಯೋ ಮೂರನೇ ಜೋಲಿಯೋ: ಕ್ಯಾಂಪಿಂಗ್ ಹ್ಯಾಮಕ್ ಕೊಳ್ಳುವ ಮುಂಚೆ

ಕಬ್ಬು ಕಟಾವಿನ ದಿನಗಳಲ್ಲಿ ಚಿಕ್ಕೋಡಿ, ಅಥಣಿ ಕಡೆ ಓಡಾಡಿದವರು ಇದನ್ನು ನೋಡಿರುತ್ತೀರಿ. ಹೊಲದ ಬದುವಿನ ಹತ್ತಿರ ಟ್ರೇಲರ್ ನಿಂತಿರುತ್ತದೆ, ಅದರ ಕೆಳಗೆ ಹಳೇ ಸೀರೆಯ ಜೋಲಿ, ಜೋಲಿಯಲ್ಲಿ ಗಡದ್ದಾಗಿ ನಿದ್ದೆ ಹೋದ ಕೂಸು. ಕಟ್ಟಿದವಳು ಅಳತೆ ಟೇಪು ಹಿಡಿದಿಲ್ಲ, ವಿಡಿಯೋ ನೋಡಿಲ್ಲ. ಆದರೂ ಕೂಸಿಗೆ ಬೆನ್ನು ನೋವಿಲ್ಲ.

ನನಗೆ ಬಂತು. ಮೊದಲ ಹ್ಯಾಮಕ್ ಆನ್‌ಲೈನ್‌ನಲ್ಲಿ ತರಿಸಿಕೊಂಡು, ಬೈಲಹೊಂಗಲ ಹತ್ತಿರದ ನಮ್ಮ ಹೊಲದಲ್ಲಿ ಎರಡು ಬೇವಿನ ಮರಗಳ ನಡುವೆ, ನೋಡೋಕೆ ಚೆಂದ ಇರಲಿ ಅಂತ ವೀಣೆ ತಂತಿಯ ಹಾಗೆ ಬಿಗಿದು ಕಟ್ಟಿದೆ. ಮಲಗಿದ ಕೂಡಲೇ ಎರಡೂ ಕಡೆಯ ಬಟ್ಟೆ ಬಂದು ಭುಜ ಹಿಂಡಿತು. ಮಧ್ಯರಾತ್ರಿ ಹೊತ್ತಿಗೆ ಬಾಳೆಹಣ್ಣಿನ ಹಾಗೆ ಬಾಗಿದ್ದೆ. ಬೆಳಿಗ್ಗೆ ಎಚ್ಚರ ಆದಾಗ ಅದರ ಜೊತೆ ಬಂದಿದ್ದ ನೈಲಾನ್ ಹಗ್ಗ ಎಳೆದುಕೊಂಡು ಎಳೆದುಕೊಂಡು ಸೊಂಟ ಎರೆಮಣ್ಣಿಗೆ ತಾಗಿತ್ತು. ತಪ್ಪು ಅರ್ಧ ಆ ಜೋಲಿಯದು, ಅರ್ಧ ನನ್ನದು. ಅದನ್ನೇ ಬಿಡಿಸಿ ಹೇಳುತ್ತೇನೆ.

ಒಂದು ಮಾತು ಮೊದಲೇ. ಹೊಸಬರು ಕೊಳ್ಳಬೇಕಾದ ಜೋಲಿ ಬೇರೆ, ಹತ್ತಿಪ್ಪತ್ತು ರಾತ್ರಿ ಮಲಗಿದವರು ಕೊಳ್ಳುವ ಜೋಲಿ ಬೇರೆ. ರೂಢಿ ಇದ್ದವರ ಸಾಮಾನಿನ ಪಟ್ಟಿ ನೋಡಿ ಅದನ್ನೇ ಮೊದಲ ಸಲ ತರಿಸಿಕೊಂಡರೆ ದುಡ್ಡೂ ಹೋಗುತ್ತದೆ, ಕತ್ತಲಲ್ಲಿ ಕಟ್ಟಲಾಗದೆ ಅಳೋ ಹಾಗೂ ಆಗುತ್ತದೆ.

ಹೊಸಬರಿಗೆ: ಉದ್ದ ಮತ್ತು ಬೆಲ್ಟ್

ಮಾರುವವರು ದೊಡ್ಡದಾಗಿ ಬರೆಯುವುದು "ಡಬಲ್", "ಸಿಂಗಲ್" ಅಂತ. ಡಬಲ್ ಅಂದರೆ ಇಬ್ಬರು ಮಲಗಬಹುದು ಅಂತ ನಂಬಬೇಡಿ. ಇಬ್ಬರು ಮಲಗಿದರೆ ಒಂದೇ ಚೀಲಕ್ಕೆ ಹಾಕಿದ ಎರಡು ಕುಂಬಳಕಾಯಿ ಹಾಗೆ ನಡುವಿಗೆ ಉರುಳಿ ಬರುತ್ತೀರಿ. ಡಬಲ್ ಅಂದರೆ ಅಗಲ ಜಾಸ್ತಿ, ಸುಮಾರು ಆರು ಅಡಿ, ಅಷ್ಟೇ. ಒಬ್ಬರಿಗೇ ಆ ಅಗಲ ಆರಾಮ, ಹಾಗಾಗಿ ಅದನ್ನೇ ತೊಗೊಳ್ಳಿ. ಆದರೆ ಅಗಲಕ್ಕಿಂತ ಮುಖ್ಯವಾದ ಸಂಗತಿಯನ್ನು ಅವರು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ: ಉದ್ದ. ಅಗ್ಗದವು ಹೆಚ್ಚಾಗಿ ಎಂಟೂವರೆ, ಒಂಬತ್ತು ಅಡಿ ಇರುತ್ತವೆ. ಮಧ್ಯಾಹ್ನ ಒಂದು ಗಂಟೆ ಹೊರಳಾಡಲು ಸಾಕು. ರಾತ್ರಿಯಿಡೀ ಮಲಗುವವರು, ಅದರಲ್ಲೂ ಐದೂಮುಕ್ಕಾಲು ಅಡಿಗಿಂತ ಎತ್ತರದವರು, ಹತ್ತು ಅಡಿಗಿಂತ ಕಡಿಮೆ ಇದ್ದರೆ ಮುಟ್ಟಬೇಡಿ. ಹನ್ನೊಂದು ಅಡಿ ಸಿಕ್ಕರೆ ಕಣ್ಣು ಮುಚ್ಚಿ ತೊಗೊಳ್ಳಿ.

ಯಾಕೆ ಇಷ್ಟು ಉದ್ದ ಅಂದರೆ, ಜೋಲಿಯಲ್ಲಿ ನೆಟ್ಟಗೆ ಮಲಗುವುದೇ ತಪ್ಪು. ಓರೆಯಾಗಿ ಮಲಗಬೇಕು. ತಲೆ ಸ್ವಲ್ಪ ಎಡಕ್ಕೆ, ಕಾಲು ಸ್ವಲ್ಪ ಬಲಕ್ಕೆ, ಇಲ್ಲವೇ ತಿರುಗಾಮುರುಗಾ. ಹಾಗೆ ಮಲಗಿದ ತಕ್ಷಣ ಬೆನ್ನಿನ ಕೆಳಗಿನ ಬಟ್ಟೆ ಹೆಚ್ಚುಕಡಿಮೆ ಚಪ್ಪಟೆ ಆಗುತ್ತದೆ, ಬಾಳೆಹಣ್ಣು ಹೋಗಿ ಮಂಚ ಬರುತ್ತದೆ. ಗಿಡ್ಡ ಜೋಲಿಯಲ್ಲಿ ಓರೆ ಆಗಲು ಜಾಗವೇ ಇರುವುದಿಲ್ಲ.

ಬಟ್ಟೆ ಪ್ಯಾರಾಶೂಟ್ ನೈಲಾನ್ ಇರಲಿ, 70 ಡೀನಿಯರ್ ಆಸುಪಾಸು. ಡೀನಿಯರ್ ಅಂದರೆ ನೂಲು ಎಷ್ಟು ದಪ್ಪ ಅನ್ನೋ ಲೆಕ್ಕ, ಬೆಳಗಾವಿಯ ಶಹಾಪುರ, ವಡಗಾವಿಯ ನೇಕಾರರ ಮನೆಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಈ ಬಟ್ಟೆ ತುಸು ಭಾರ, ಮರಕ್ಕೆ ಸುತ್ತುವ ಬೆಲ್ಟ್ ಸೇರಿ ಒಂದು ಕೆಜಿ ಹತ್ತಿರ ಬರುತ್ತದೆ. ಇರಲಿ ಬಿಡಿ. ನಮ್ಮ ಕಡೆ ಜಾಲಿ ಮುಳ್ಳು ಜಾಸ್ತಿ, ಹೊಸಬರು ಜೋಲಿಯನ್ನು ನೆಲಕ್ಕೆ ಬಿಡುವುದೂ ಜಾಸ್ತಿ. ಇನ್ನು ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದಾಗ ಕಾಣುವ ಬಣ್ಣಬಣ್ಣದ ಬಲೆ ಜೋಲಿ, ಎರಡೂ ತುದಿಗೆ ಕೋಲು ಇರುವುದು, ಅದು ಫೋಟೋಕ್ಕೆ. ಮಗ್ಗುಲು ಬದಲಿಸಿದರೆ ಕೆಳಗೆ ಬೀಳಿಸುತ್ತದೆ.

ಜೋಲಿಯಲ್ಲಿ ಉಳಿಸಿದ ದುಡ್ಡನ್ನು ಬೆಲ್ಟಿಗೆ ಹಾಕಿ. ಪಾಲಿಯೆಸ್ಟರ್ ಬೆಲ್ಟ್ ಇರಬೇಕು, ಕನಿಷ್ಠ ಒಂದು ಇಂಚು ಅಗಲ. ನೈಲಾನ್ ಭಾರಕ್ಕೆ ಹಿಗ್ಗುತ್ತದೆ, ಒದ್ದೆಯಾದರೆ ಇನ್ನೂ ಹಿಗ್ಗುತ್ತದೆ, ನನ್ನ ಸೊಂಟ ಮಣ್ಣಿಗೆ ತಾಗಿದ್ದು ಹಾಗೇ. ತೆಳು ಹಗ್ಗ ಮರದ ತೊಗಟೆ ಕೊರೆಯುತ್ತದೆ, ಮಾವಿನ ತೋಟದ ಮಾಲೀಕ ಒಮ್ಮೆ ಅದನ್ನು ನೋಡಿದರೆ ಮುಂದಿನ ಸಲ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಬೆಲ್ಟಿನ ತುಂಬಾ ಸಾಲಾಗಿ ಕುಣಿಕೆ ಹೊಲಿದದ್ದು ಸಿಗುತ್ತದೆ. ಕೊಕ್ಕೆ ತೊಗೊಂಡು ಯಾವುದಾದರೂ ಒಂದು ಕುಣಿಕೆಗೆ ಸಿಗಿಸಿದರೆ ಆಯ್ತು, ಗಂಟೇ ಬೇಡ. ಹೊಸಬರಿಗೆ ಇದೇ ಸರಿ.

ಸೊಳ್ಳೆ ಪರದೆ? ಮೊದಲ ಜೋಲಿಗೆ ಪರದೆ ಹೊಲಿದೇ ಬಂದಿದ್ದರೆ ಒಳ್ಳೆಯದು. ಪರದೆ ಇದ್ದರೂ ಇನ್ನೊಂದು ಬಾಗಿಲು ತೆರೆದೇ ಇರುತ್ತದೆ, ಅದು ಬೆನ್ನು. ಕೆರೆ, ಕಾಲುವೆ ಹತ್ತಿರ ಮಲಗಿದರೆ ನಮ್ಮ ಗುಂಗಾಡುಗಳು ತೆಳು ಬಟ್ಟೆಯ ಮೂಲಕವೇ ಕಚ್ಚುತ್ತವೆ. ಒಳಗೆ ಒಂದು ಫೋಮ್ ಮ್ಯಾಟ್ ಹಾಸಿಕೊಂಡರೆ ಅದಕ್ಕೂ ತಡೆ, ಚಳಿಗೂ ತಡೆ.

ಕಟ್ಟುವ ಲೆಕ್ಕ, ಇದು ಎಲ್ಲರಿಗೂ

ಮನೆ ಹಿತ್ತಲಿನ ಬಟ್ಟೆ ತಂತಿಯನ್ನು ಜಗ್ಗಿ ಬಿಗಿ ಮಾಡಿ, ಅದರ ಮೇಲೆ ಒದ್ದೆ ಕೌದಿ ಹಾಕಿ ನೋಡಿ. ಮೊಳೆ ಕಿತ್ತು ಬರುತ್ತದೆ. ಅದೇ ತಂತಿ ಸಡಿಲ ಇದ್ದರೆ ಕೌದಿ ಸುಮ್ನೆ ಜೋತು ಬೀಳುತ್ತದೆ, ಮೊಳೆಗೆ ಏನೂ ಆಗುವುದಿಲ್ಲ. ಜೋಲಿಗೂ ಇದೇ. ಬೆಲ್ಟ್ ನೆಲದ ಮಟ್ಟಕ್ಕೆ 30 ಡಿಗ್ರಿ ಓರೆ ಇದ್ದರೆ, 70 ಕೆಜಿ ಮನುಷ್ಯ ಮಲಗಿದಾಗ ಒಂದೊಂದು ಬೆಲ್ಟಿನ ಮೇಲೂ 70 ಕೆಜಿ ಎಳೆತ ಬೀಳುತ್ತದೆ. ಬಿಗಿದು 10 ಡಿಗ್ರಿಗೆ ತಂದರೆ ಅದೇ ಎಳೆತ 200 ಕೆಜಿ. 5 ಡಿಗ್ರಿ ಆದರೆ 400 ದಾಟುತ್ತದೆ. ಹೊಲಿಗೆ ಕಿತ್ತಿತು, ಕೊಕ್ಕೆ ಬಾಗಿತು ಅನ್ನುವ ಎಷ್ಟೋ ಕಥೆಗಳ ಹಿಂದೆ ಇದೇ ಇರುತ್ತದೆ.

30 ಡಿಗ್ರಿ ಅಳೆಯಲು ಫೋನು ಬೇಡ. ಕೈಯನ್ನು ಪಿಸ್ತೂಲಿನ ಹಾಗೆ ಮಾಡಿ, ತೋರುಬೆರಳು ಅಡ್ಡ, ಹೆಬ್ಬೆರಳು ಮೇಲೆ. ಹೆಬ್ಬೆರಳಿನ ತುದಿಯಿಂದ ತೋರುಬೆರಳಿನ ತುದಿಗೆ ಎಳೆದ ಗೆರೆಯ ಓರೆ ಎಷ್ಟಿದೆಯೋ ಬೆಲ್ಟೂ ಹೆಚ್ಚುಕಡಿಮೆ ಅಷ್ಟು ಓರೆ ಇರಲಿ. ಮರಗಳ ನಡುವೆ ಹನ್ನೆರಡರಿಂದ ಹದಿನೈದು ಅಡಿ ಅಂತರ, ಬೆಲ್ಟ್ ಸುತ್ತುವುದು ಸುಮಾರು ಐದೂವರೆ ಅಡಿ ಎತ್ತರದಲ್ಲಿ, ಕೂತಾಗ ಜೋಲಿ ನೆಲದಿಂದ ಒಂದೂವರೆ ಅಡಿ ಮೇಲೆ, ಕುರ್ಚಿಯ ಹಾಗೆ. ಅದಕ್ಕಿಂತ ಎತ್ತರ ಬೇಡ. ಬಿದ್ದರೆ ನಗು ಬರಬೇಕು, ಆಸ್ಪತ್ರೆ ಬರಬಾರದು.

ಮರ ಕನಿಷ್ಠ ತೊಡೆಯಷ್ಟು ದಪ್ಪ, ಬೇರು ಗಟ್ಟಿ, ಮೇಲೆ ಒಣಗಿದ ಟೊಂಗೆ ಇರಬಾರದು. ಬೇವು, ಹುಣಸೆ, ಮಾವು ನಡೆಯುತ್ತದೆ. ತೆಂಗಿನ ಮರದ ಕೆಳಗೆ ಯಾಕೆ ಬೇಡ ಅಂತ ಹೇಳಬೇಕಾ? ವಿಜಯಪುರ ಕಡೆಯವರ ಕಷ್ಟ ಬೇರೆ, ಬಯಲಲ್ಲಿ ಒಂದು ಮರ ಸಿಕ್ಕರೆ ಎರಡನೆಯದು ಪಕ್ಕದ ಹೊಲದಲ್ಲಿರುತ್ತದೆ. ಅಲ್ಲಿ ಉದ್ದ ಬೆಲ್ಟ್ ಬೇಕು, ಇಲ್ಲವೇ ಟೆಂಟೇ ಸರಿ. ಬಾದಾಮಿ, ಪಟ್ಟದಕಲ್ಲಿಗೆ ಹೋದಾಗ ಗುಡಿಯ ಕಂಬ ನೋಡಿ ಕೈ ತುರಿಸಬಹುದು, ಬೇಡ ಮಾರಾಯ್ರೆ. ಖಾನಾಪುರದ ಭೀಮಗಡ ಕಾಡು 2011ರಿಂದ ವನ್ಯಜೀವಿ ಧಾಮ, ಕರಡಿ, ಚಿರತೆ ಇರುವ ಜಾಗ, ಅಲ್ಲಿ ಅರಣ್ಯ ಇಲಾಖೆ ಕೇಳದೆ ಜೋಲಿ ಕಟ್ಟುವ ಹಾಗಿಲ್ಲ. ಸ್ವಂತ ಹೊಲ, ಬೀಗರ ತೋಟ, ಹೇಳಿ ಕೇಳಿ ಹೋದ ಹೋಮ್‌ಸ್ಟೇ ಇದ್ದೇ ಇದೆಯಲ್ಲ.

ರೂಢಿ ಆದವರು ಏನು ಬದಲಿಸುತ್ತಾರೆ

ಹತ್ತು ರಾತ್ರಿ ಆದ ಮೇಲೆ ನಿಮಗೇ ಗೊತ್ತಾಗುತ್ತದೆ, ಮೈಗೆ ಯಾವುದು ಬೇಕು, ಯಾವುದು ಬೇಡ. ಚಾರಣಕ್ಕೆ ಹೊತ್ತು ನಡೆಯುವವರಿಗೆ ಮೊದಲು ಚುಚ್ಚುವುದು ಭಾರ. ಅವರು 20, 30 ಡೀನಿಯರ್‌ನ ತೆಳು ಬಟ್ಟೆಗೆ ಹೋಗುತ್ತಾರೆ, ಜೋಲಿ ಮಾತ್ರ ಕಾಲು ಕೆಜಿ ಹತ್ತಿರ ಬರುತ್ತದೆ. ಅದರಲ್ಲಿ ಕೂರುವ ಮುಂಚೆ ಜೇಬಿನ ಕೀಲಿ ತೆಗೆಯಬೇಕು, ಸೊಂಟದ ಬೆಲ್ಟಿನ ಬಕಲ್ ನೋಡಿಕೊಳ್ಳಬೇಕು. ಈ ಶಿಸ್ತು ಬರದವರಿಗೆ ತೆಳು ಬಟ್ಟೆ ಕೊಡಿಸಬೇಡಿ.

ಕುಣಿಕೆ ಬೆಲ್ಟ್ ಹೋಗಿ ಡೈನೀಮಾ ಅನ್ನೋ ತುಂಬಾ ಗಟ್ಟಿ ದಾರದ ಊಪಿ ಸ್ಲಿಂಗ್ ಬರುತ್ತದೆ. ಪೆನ್ಸಿಲಿಗಿಂತ ತೆಳ್ಳಗಿನ ದಾರ, ಕುಣಿಕೆಯನ್ನು ಬೆರಳಲ್ಲಿ ಎಳೆದು ಉದ್ದ, ಗಿಡ್ಡ ಮಾಡಬಹುದು. ಚೆಂದ ಇದೆ. ಆದರೆ ಅದನ್ನು ಸೀದಾ ಮರಕ್ಕೆ ಸುತ್ತುವಂತಿಲ್ಲ, ಮರಕ್ಕೆ ಅಗಲ ಬೆಲ್ಟ್ ಬೇಕೇ ಬೇಕು. ಆ ದಾರ ಜಾರುತ್ತದೆ, ನಮ್ಮ ಮಾಮೂಲಿ ಗಂಟು ನಿಲ್ಲುವುದಿಲ್ಲ. ಜೊತೆಗೆ ಒಂದು ಮಟ್ಟಕ್ಕಿಂತ ಗಿಡ್ಡ ಆಗುವುದೂ ಇಲ್ಲ, ಹಾಗಾಗಿ ಮರಗಳು ಹತ್ತಿರ ಇದ್ದರೆ ಪೇಚಾಟ. ಸಂಜೆ ಏಳಕ್ಕೆ ಮೋಡ ಕವಿದಾಗ ಇದನ್ನೆಲ್ಲ ಕೈಯೇ ಮಾಡಬೇಕು, ತಲೆಯಲ್ಲ.

ನನ್ನ ಪ್ರಕಾರ ಹೊಸಬರೂ ಬೇಗ ಮಾಡಿಕೊಳ್ಳಬಹುದಾದ ಬದಲಾವಣೆ ಒಂದೇ, ಜೋಲಿಯ ಎರಡು ತುದಿಗಳ ನಡುವೆ ಮೇಲೊಂದು ಹಿಗ್ಗದ ದಾರ ಕಟ್ಟುವುದು. ಜೋಲಿಯ ಉದ್ದದ 83 ಶೇಕಡಾ ಅಂತ ಲೆಕ್ಕ. ಹನ್ನೊಂದು ಅಡಿ ಜೋಲಿಗೆ ಒಂಬತ್ತು ಅಡಿ ಒಂದೂವರೆ ಇಂಚು. ಮರ ಹತ್ತಿರ ಇರಲಿ ದೂರ ಇರಲಿ, ಜೋಲಿ ಪ್ರತಿ ರಾತ್ರಿ ಅಷ್ಟೇ ಜೋಲುತ್ತದೆ. ಟಾರ್ಚು, ಕನ್ನಡಕ ನೇತುಹಾಕಲೂ ಆಯ್ತು.

ಆಮೇಲೆ ಚಳಿ. ಡಿಸೆಂಬರಿನಲ್ಲಿ ಜಾಂಬೋಟಿ ಹತ್ತಿರ ಒಂದು ತೋಟದಲ್ಲಿ ಮಲಗಿದ್ದೆ. ಮೇಲೆ ದಪ್ಪ ಸ್ಲೀಪಿಂಗ್ ಬ್ಯಾಗ್, ಮೂಗು ಬೆಚ್ಚಗೆ, ಎದೆ ಬೆಚ್ಚಗೆ, ಕೆಳಗೆ ಮಾತ್ರ ಯಾರೋ ಐಸ್ ಇಟ್ಟ ಹಾಗೆ. ಮೈಭಾರಕ್ಕೆ ಬ್ಯಾಗಿನ ಹತ್ತಿ ಒತ್ತಿಹೋಗಿರುತ್ತದೆ, ಬೆಚ್ಚಗೆ ಇಡುವುದು ಅದರೊಳಗಿನ ಗಾಳಿ, ಗಾಳಿ ಹೋದರೆ ಬಟ್ಟೆ ಅಷ್ಟೇ ಉಳಿಯಿತು. ಸುಮಾರು 20 ಡಿಗ್ರಿಗಿಂತ ಕೆಳಗೆ ಇಳಿದರೆ ಇದು ಶುರು. ಅದಕ್ಕೇ ರೂಢಿ ಇದ್ದವರು ಜೋಲಿಯ ಹೊರಗೆ, ಬೆನ್ನಿಗೆ ತಾಗಿಯೂ ತಾಗದ ಹಾಗೆ ಒಂದು ರಜಾಯಿ ನೇತುಹಾಕುತ್ತಾರೆ. ಅಂಡರ್‌ಕ್ವಿಲ್ಟ್ ಅಂತಾರೆ. ಅವ್ವನ ಕೌದಿ ಕಟ್ಟಿ ನೋಡಿದ್ದೇನೆ, ಬೆಚ್ಚಗಂತೂ ಇತ್ತು. ಆದರೆ ನಾಲ್ಕು ಹಳೇ ಸೀರೆ ಪದರದ ಕೌದಿ ಹೊತ್ತು ಗುಡ್ಡ ಹತ್ತುವವನು ಪೈಲ್ವಾನನೇ ಆಗಿರಬೇಕು, ಇಬ್ಬನಿ ಬಿದ್ದರೆ ಮೂರು ದಿನ ಒಣಗುವುದೂ ಇಲ್ಲ. ಹೊಲದಲ್ಲೇ ಮಲಗುವುದಾದರೆ ಕೌದಿ, ನಡೆದು ಹೋಗುವುದಾದರೆ ಸಿಂಥೆಟಿಕ್ ರಜಾಯಿ. ಹಕ್ಕಿಪುಕ್ಕದ್ದು ಹಗುರ, ಆದರೆ ನೆನೆದರೆ ಮುದ್ದೆ ಆಗುತ್ತದೆ, ಖಾನಾಪುರದ ತೇವಕ್ಕೆ ಅದನ್ನು ನಾನು ನಂಬಲ್ಲ. ಹೊಸಬರು ಇದಕ್ಕೆ ಕೈ ಹಾಕುವುದೇ ಬೇಡ, ಫೋಮ್ ಮ್ಯಾಟ್ ಸಾಕು. ರಾತ್ರಿ ಎರಡು ಸಲ ಜಾರುತ್ತದೆ, ಎಳೆದುಕೊಳ್ಳಿ.

ಮಳೆಗೆ ತಾಡಪತ್ರಿ. ಹತ್ತು ಅಡಿ ಚೌಕದ್ದನ್ನು ಮೂಲೆಯಿಂದ ಮೂಲೆಗೆ ಕಟ್ಟಿದರೆ ಹದಿನಾಲ್ಕು ಅಡಿ ಉದ್ದದ ಮಾಡು ಸಿಗುತ್ತದೆ, ಹನ್ನೊಂದು ಅಡಿಯ ಜೋಲಿ ಆರಾಮಾಗಿ ಅದರೊಳಗೆ ಬರುತ್ತದೆ. ಎಲ್ಲ ಸರಿ ಕಟ್ಟಿದರೂ ಮಧ್ಯರಾತ್ರಿ ಬೆನ್ನು ಒದ್ದೆ ಆದರೆ ಗಾಬರಿ ಬೇಡ, ನೀರು ಬಂದದ್ದು ಮೇಲಿಂದ ಅಲ್ಲ, ಬೆಲ್ಟಿನ ಗುಂಟ ಮರದಿಂದ ಇಳಿದು ಬಂದದ್ದು. ತಾಡಪತ್ರಿಯ ಒಳಗೆ ಬರುವ ಕಡೆ, ಎರಡೂ ಬೆಲ್ಟಿಗೆ ಪೈಜಾಮದ ಲಾಡಿಯ ಒಂದೊಂದು ತುಂಡು ಗಂಟು ಹಾಕಿ ಜೋಲು ಬಿಡಿ. ನೀರು ಲಾಡಿ ಹಿಡಿದು ನೆಲಕ್ಕೆ ಹೋಗುತ್ತದೆ. ದುಬಾರಿ ಸಾಮಾನು ಇಟ್ಟವರೂ ಇದನ್ನೇ ಮಾಡುವುದು.

ಮೂರನೇ ಜೋಲಿ ಹೊತ್ತಿಗೆ ಕೆಲವರು ಕೊಳ್ಳುವುದನ್ನೇ ಬಿಡುತ್ತಾರೆ. ನಾನೂ ನಾಲ್ಕು ಮೀಟರ್ ರಿಪ್‌ಸ್ಟಾಪ್ (ಸುಲಭವಾಗಿ ಸೀಳಿಕೊಂಡು ಹೋಗದ) ನೈಲಾನ್ ತರಿಸಿ ಟೇಲರ್ ಹತ್ತಿರ ಹೋದೆ. ಎರಡು ತುದಿಗೂ ಲಾಡಿ ಹೋಗುವ ಹಾಗೆ ಮಡಚಿ, ಪಾಲಿಯೆಸ್ಟರ್ ದಾರದಲ್ಲಿ ಮೂರು ಸಾಲು ಹೊಲಿಗೆ ಹಾಕಿ ಅಂದೆ. "ಯಾರ ಪರಕರಾರೀ ಇದು, ಆನೀದಾ?" ಅಂದರು ಟೇಲರ್. ಹೊಲಿಸಿ ತಂದು ಅದೇ ಬೇವಿಗೆ ಕಟ್ಟಿ, ನಾನು ಮಲಗದೆ, 50 ಕೆಜಿಯ ಎರಡು ಜೋಳದ ಚೀಲ ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೋಡಿದರೆ ನಾಲ್ಕು ಬೆರಳಷ್ಟು ಇಳಿದಿತ್ತು, ಹೊಲಿಗೆ ಒಂದೂ ಬಿಟ್ಟಿರಲಿಲ್ಲ, ಚೀಲದ ಮೇಲೆ ನಮ್ಮ ಬೆಕ್ಕು ಓರೆಯಾಗಿ ಮಲಗಿತ್ತು.