ವಸಾಯಿ ಕೋಟೆಯ ಸಮಾಧಿ ಕಲ್ಲು ಓದಿದ್ದು: ನನ್ನ ಅನುಭವ

ಸವೆದು ನುಣ್ಣಗಾದ ಪೋರ್ಚುಗೀಸ್ ಸಮಾಧಿ ಕಲ್ಲುಗಳನ್ನು ಹಾಡಹಗಲಲ್ಲಿ ಟಾರ್ಚ್ ಹಿಡಿದು ಓದುತ್ತೇನೆ ಅಂದಾಗ ಹಳೇ ಶಾಸನ ಓದುವ ನನ್ನ ಗೆಳೆಯರು ಯಾರೂ ನಂಬಲಿಲ್ಲ. "ಕಾಗದ ಒತ್ತಿ ಅಚ್ಚು ತೆಗೆಯದೆ ಅದು ಆಗೋ ಕೆಲಸ ಅಲ್ಲ" ಅಂದರು. ಊರಲ್ಲಿ ಇವರ ಜೊತೆಗೇ ವೀರಗಲ್ಲು ಹುಡುಕುತ್ತಾ ತಿರುಗಿದವನು ನಾನು. ಈಗ ಮುಂಬಯಿ ಹತ್ತಿರದ ವಸಾಯಿಯಲ್ಲಿ ಮನೆ. ಕೋಟೆಯೊಳಗಿನ ಸಂತ ಅಂತೋನಿ ಚರ್ಚಿನ ನೆಲದ ಅರವತ್ತು ಕಲ್ಲುಗಳಾದರೂ ಇವತ್ತು ನನ್ನ ಫೋನಿನಲ್ಲಿ ಓದಲು ಬರುವ ಹಾಗಿವೆ. ನಂಬದವರಿಗೇ ಮೊದಲು ಕಳಿಸಿದೆ.

ಇದು ಫ್ರಾನ್ಸಿಸ್ಕನ್ನರ, ಅಂದರೆ ಸಂತ ಫ್ರಾನ್ಸಿಸರ ಹಾದಿಯ ಕ್ಯಾಥೊಲಿಕ್ ಸನ್ಯಾಸಿಗಳ ಚರ್ಚು. ಚಾವಣಿ ಹೋಗಿ ಕಾಲವಾಯಿತು. ನೆಲದ ಉದ್ದಕ್ಕೂ ಸಮಾಧಿ ಕಲ್ಲುಗಳ ಹಾಸು. ಕೆಲವದರ ಮೇಲೆ ಮನೆತನದ ಲಾಂಛನ, ಕೆಳಗೆ ಬರಹ. ಮೇಲೆ ಪ್ರತಿ ವರ್ಷದ ಮಳೆ, ಪಾಚಿ, ಜನರ ಚಪ್ಪಲಿ.

ದುಡ್ಡು ಹೋದ ಕಥೆ ಮೊದಲು ಹೇಳುತ್ತೇನೆ. ಮದುವೆ ಫೋಟೋದವರ ದೊಡ್ಡ ಲೈಟು ದಿನಕ್ಕೆ ಸುಮಾರು ₹1,500 ಕೊಟ್ಟು ತಂದೆ. ಬಿಸಿಲಿನ ಮುಂದೆ ಅದು ಸತ್ತೇ ಹೋಯಿತು. ನೀರು ಚಿಮುಕಿಸಿದರೆ ಅಕ್ಷರ ಎರಡು ನಿಮಿಷ ಕಾಣುತ್ತದೆ, ಆಮೇಲೆ ಅರ್ಧ ಒಣಗಿ ಎಲ್ಲಾ ಕಲೆ ಕಲೆ. ಸೀಮೆಸುಣ್ಣ, ಹಿಟ್ಟು ಇವುಗಳ ಮಾತೇ ಬೇಡ. ಸಂರಕ್ಷಿತ ಸ್ಮಾರಕ ಅದು, ಅಲ್ಲದಿದ್ದರೂ ನಾನು ಸವರುತ್ತಿರಲಿಲ್ಲ. ಮೂರು ಆಯಾಮದ ಸ್ಕ್ಯಾನ್ ಮಾಡುವವರೊಬ್ಬರು ನಲವತ್ತು ಸಾವಿರದ ಮೇಲೆ ಕೇಳಿದರು. ಫೋನಿಗೆ ಹಾಕಿಕೊಂಡ ಒಂದು ಆ್ಯಪ್ ಮೂರು-ನಾಲ್ಕು ಸಾವಿರ ನುಂಗಿತು, ಪಾಚಿಯನ್ನೇ ಅಕ್ಷರ ಅಂತ ತೋರಿಸಿತು. ಎಲ್ಲಾ ಸೇರಿ ಹತ್ತು ಹನ್ನೆರಡು ಸಾವಿರ ಹಾಗೇ ಹೋಯಿತು.

ಕೊನೆಗೆ ಕೈಹಿಡಿದದ್ದು ಕೊಡೆ. ಬೀದಿ ವ್ಯಾಪಾರಿಗಳು ನೆಡುತ್ತಾರಲ್ಲ, ಅಂಥ ದೊಡ್ಡ ಕಪ್ಪು ಕೊಡೆ, ₹700 ಇರಬೇಕು. ಅದರ ಅಂಚಿಗೆ ನೆಲ ಮುಟ್ಟುವ ಹಾಗೆ ಕಪ್ಪು ಬಟ್ಟೆಯ ಪರದೆ ಹೊಲಿಸಿದೆ. ಟೈಲರ್ ಮುನ್ನೂರು ತಗೊಂಡ. ಒಳಗೆ ಕತ್ತಲೆ. ಸಾಧಾರಣ ಟಾರ್ಚನ್ನು ಕಲ್ಲಿಗೆ ತಾಗಿಸಿ ಮಲಗಿಸಿದರೆ ಬೆಳಕು ಮೇಲ್ಮೈ ಸವರಿಕೊಂಡು ಹೋಗುತ್ತದೆ. ಒಬ್ಬರು ಟಾರ್ಚ್ ತಿರುಗಿಸಬೇಕು, ಇನ್ನೊಬ್ಬರು ಫೋನ್ ಅಲ್ಲಾಡಿಸಬಾರದು. ಒಂದೊಂದು ಕಲ್ಲಿಗೂ ಎಂಟು ದಿಕ್ಕಿನಿಂದ ಫೋಟೋ. ಲಾಂಛನವಿದ್ದ ಒಂದು ಕಲ್ಲಿನಲ್ಲಿ ಎಡಗಡೆಯಿಂದ ಬೆಳಕು ಬಿಟ್ಟಾಗ ಬರೀ ನಿಂತ ಗೆರೆಗಳು ಎದ್ದವು. ತಲೆಕಡೆಯಿಂದ ಬಿಟ್ಟಾಗ ಅಡ್ಡಗೆರೆಗಳು. ಎರಡನ್ನೂ ಒಂದರ ಮೇಲೊಂದು ಇಟ್ಟ ಮೇಲೆ ಪೂರ್ತಿ ಸಾಲು ಬಂತು. ಟಾರ್ಚಿನ ಬಾಯಿಗೆ ಏನು ಕಟ್ಟುತ್ತೇನೆ, ಎಂಟು ಫೋಟೋಗಳನ್ನು ಹೇಗೆ ಸೇರಿಸುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಓದಿದ್ದರಲ್ಲಿ ಮತ್ತೆ ಮತ್ತೆ ಸಿಗುವ ಮಾತು "ಇಂಥವರ ಮತ್ತು ಇವರ ವಾರಸುದಾರರ ಸಮಾಧಿ" ಅಂತ. ಸತ್ತ ಮೇಲೂ ಜಾಗ ಮನೆತನಕ್ಕೇ. ಈ ಊರಿನ ಜಮೀನಿನ ವ್ಯವಸ್ಥೆಯೂ ಹೀಗೇ ಇತ್ತು. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾ ವಸಾಯಿಯನ್ನು ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಆಮೇಲೆ ಪೋರ್ಚುಗೀಸ್ ದೊರೆತನ ಸುತ್ತಲಿನ ಹಳ್ಳಿಗಳನ್ನು ತನ್ನ ಕುಲೀನರಿಗೆ ಹಂಚಿತು. ಸಾಮಾನ್ಯವಾಗಿ ಮೂರು ತಲೆಮಾರಿಗೆ ಅಂತ ಕೊಡುತ್ತಿದ್ದರು. ಕಂದಾಯ ಕಟ್ಟಬೇಕು, ಯುದ್ಧಕ್ಕೆ ಕುದುರೆ ಸಾಕಬೇಕು. ಆ ಹಳ್ಳಿಗಳ ಹುಟ್ಟುವಳಿಯಲ್ಲೇ ಈ ಕೋಟೆಯೊಳಗಿನ ದೊಡ್ಡ ಮನೆಗಳು ಬದುಕಿದ್ದು. 1739ರಲ್ಲಿ ಮರಾಠರ ಸೇನಾನಿ ಚಿಮಾಜಿ ಅಪ್ಪ ಕೋಟೆ ಗೆದ್ದ ಮೇಲೆ ಆ ಮನೆತನಗಳ ಕಾಲ ಮುಗಿಯಿತು. ಮನೆಗಳು ಬಿದ್ದವು, ನೆಲದ ಕಲ್ಲುಗಳು ಉಳಿದವು.

ಆದರೆ ಇಲ್ಲಿಗೆ ಭಕ್ತಿಯಿಂದ ಬರುವ ಜನ ಈ ಕುಲೀನರನ್ನು ನೋಡಲು ಬರುವುದಿಲ್ಲ. ಸಂತ ಗೊನ್ಸಾಲೊ ಗಾರ್ಸಿಯಾ ಅವರ ಊರು ಅಂತ ಬರುತ್ತಾರೆ. ಅವರು ಹುಟ್ಟಿದ್ದು 1556-57ರ ಸುಮಾರಿಗೆ ವಸಾಯಿಯಲ್ಲೇ. ಅಪ್ಪ ಪೋರ್ಚುಗೀಸ್, ಅಮ್ಮ ಇಲ್ಲಿಯವರು. ಕೋಟೆಯ ಜೆಸ್ವಿಟರ (ಇವರು ಇನ್ನೊಂದು ಕ್ಯಾಥೊಲಿಕ್ ಸಂಘದವರು) ಹತ್ತಿರ ಓದಿ, ಎಳೆಯ ವಯಸ್ಸಿನಲ್ಲೇ ಜಪಾನಿಗೆ ಹೋದರು, ಅಲ್ಲಿನ ಭಾಷೆ ಕಲಿತರು, ವ್ಯಾಪಾರವನ್ನೂ ಮಾಡಿದರು. ಆಮೇಲೆ ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಭೆ ಸೇರಿದರು. ಪಾದ್ರಿಯಾಗಿ ಅಲ್ಲ, ಸಾಮಾನ್ಯ ಬ್ರದರ್ ಆಗಿ. 1593ರಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ಪೆದ್ರೊ ಬಪ್ತಿಸ್ತಾ ಅವರ ದುಭಾಷಿಯಾಗಿ ಮತ್ತೆ ಜಪಾನಿಗೆ ಹೋಗಿ, ಅಲ್ಲಿ ಆಳುತ್ತಿದ್ದ ಹಿದೆಯೋಶಿಯ ಮುಂದೆ ನಿಂತರು. 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ 26 ಜನರನ್ನು ಶಿಲುಬೆಗೇರಿಸಿದರು, ಇವರೂ ಅದರಲ್ಲಿ ಒಬ್ಬರು. 1862ರಲ್ಲಿ ಸಂತ ಪದವಿ. ಭಾರತದಲ್ಲಿ ಹುಟ್ಟಿದವರಲ್ಲಿ ಮೊದಲನೆಯವರು. ನೆಲದ ಕಲ್ಲುಗಳಲ್ಲಿ ಅವರ ಕಲ್ಲು ಹುಡುಕುವವರು ಸುಮ್ನೆ ಆಯಾಸ ಪಡಬೇಡಿ, ಅವರು ಸತ್ತದ್ದು ನಾಗಸಾಕಿಯಲ್ಲಿ. ನಾನು ಜನರನ್ನು ಕರೆದುಕೊಂಡು ಹೋಗುವಾಗ ಮೊದಲು ಈ ಕಲ್ಲುಗಳು, ಆಮೇಲೆ ಜೆಸ್ವಿಟರ ಚರ್ಚು. ಈ ಕ್ರಮದಲ್ಲೇ ನೋಡಬೇಕು. ಲಾಂಛನ ಇದ್ದವರ ಊರಲ್ಲಿ ಲಾಂಛನ ಇಲ್ಲದ ಹುಡುಗ ಹೇಗೆ ಬೆಳೆದ ಅನ್ನೋದು ಆಗ ಮನಸ್ಸಿಗೆ ತಟ್ಟುತ್ತದೆ.

ನಡುವೆ ಬೇರೆ ಪ್ರಯೋಗಗಳೂ ನಡೆದವು. ವಸಾಯಿಯಿಂದ ಮರಾಠರು ಗೆದ್ದು ತಂದದ್ದು ಅನ್ನುವ ಗಂಟೆ ನಾಸಿಕದ ನಾರೋಶಂಕರ ದೇವಸ್ಥಾನದಲ್ಲಿದೆ, 1721ರ ಇಸವಿ ಅದರ ಮೇಲಿದೆ. ಎತ್ತರದಲ್ಲಿ ತೂಗುತ್ತದೆ, ಅಲ್ಲಿಗೆ ಕೊಡೆ ಎಲ್ಲಿ ಹಿಡಿಯೋದು? ಉಬ್ಬಕ್ಷರಕ್ಕೆ ಕೊಡೆ ಬೇಕಾಗಿಯೂ ಇಲ್ಲ, ಒಳ್ಳೆ ಜೂಮ್ ಇದ್ದರೆ ಸಾಕು. ಬೋರಿವಲಿಯ ಮಂಡಪೇಶ್ವರ ಗುಹೆಗೂ ಹೋದೆ. ಶಿವನ ಗುಹೆಯನ್ನು ಫ್ರಾನ್ಸಿಸ್ಕನ್ನರು ಚರ್ಚು ಮಾಡಿಕೊಂಡ ಜಾಗ ಅದು. ಒಂದು ಗೋಡೆಯಲ್ಲಿ ಕೆತ್ತಿದ ಶಿಲುಬೆ ಇದೆ. ಗೋಡೆಗೆ ಕೊಡೆಯ ಬದಲು ಕಂಬಳಿ ಇಳಿಬಿಟ್ಟೆ, ಫಲ ಅಷ್ಟಕ್ಕಷ್ಟೆ.

ಮುಂಬಯಿ ಕನ್ನಡಿಗರ ಸಣ್ಣ ಗುಂಪುಗಳನ್ನು ತಲೆಗೆ ₹150ರಂತೆ ಕರೆದೊಯ್ದು ಹೋದ ದುಡ್ಡಿನ ಮುಕ್ಕಾಲು ಪಾಲು ವಾಪಸ್ ಬಂದಿದೆ. ಮಾಡಿ ನೋಡುವವರು ಡಿಸೆಂಬರ್-ಜನವರಿಯಲ್ಲೇ ಮಾಡಿ. ಪಾಚಿ ಒಣಗಿರುತ್ತದೆ, ಕೊಡೆಯೊಳಗೆ ಸೆಖೆ ಕಮ್ಮಿ. ಮಂಡಿಗೆ ಹಳೇ ಗೋಣಿಚೀಲ ತನ್ನಿ. ಟಾರ್ಚಿಗೆ ಎರಡು ಜೊತೆ ಸೆಲ್ ಜಾಸ್ತಿ ಇರಲಿ. ಇದೇ ಕೋಟೆಯೊಳಗಿನ ಡೊಮಿನಿಕನ್ನರ (ಇದೂ ಒಂದು ಕ್ಯಾಥೊಲಿಕ್ ಸಂಘ) ಚರ್ಚಿನ ಕಲ್ಲುಗಳಿಗೆ ನಾನಿನ್ನೂ ಕೈ ಹಾಕಿಲ್ಲ, ಈ ಚಳಿಗಾಲ ಅದೇ ಕೆಲಸ.