ಮಲದ ಮಾದರಿಯಿಂದ ಕರುಳಿನ ಬ್ಯಾಕ್ಟೀರಿಯಾ ಗುರುತಿಸುವುದು: 16ಎಸ್ ವಿಧಾನ

ಕರುಳಿನ ಬಹುಪಾಲು ಬ್ಯಾಕ್ಟೀರಿಯಾಗಳು ಆಮ್ಲಜನಕ ತಾಕಿದರೆ ಉಳಿಯುವುದಿಲ್ಲ. ಸಾಮಾನ್ಯ ಕಲ್ಚರ್‌ನಲ್ಲಿ (ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿದಾಗ) ಕಾಣಿಸುವುದೂ ಇಲ್ಲ. ಆದ್ದರಿಂದ ಅವುಗಳ 16ಎಸ್ ಆರ್‌ಆರ್‌ಎನ್‌ಎ ಜೀನ್ (ಪ್ರೋಟೀನ್ ತಯಾರಿಸುವ ರೈಬೋಸೋಮಿನ ಒಂದು ಭಾಗದ ಜೀನ್) ಓದಬೇಕು. ಸುಮಾರು 1,500 ಬೇಸ್ (ಡಿಎನ್‌ಎಯ ಅಕ್ಷರ) ಉದ್ದದ ಈ ಜೀನ್ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ. ಅದರೊಳಗಿನ ಒಂಬತ್ತು ಭಾಗಗಳು (ವಿ1ರಿಂದ ವಿ9) ಗುಂಪಿನಿಂದ ಗುಂಪಿಗೆ ಬದಲಾಗುವುದರಿಂದ ಗುರುತು ಸಿಗುತ್ತದೆ.

ಫಲಿತಾಂಶ ಕೆಡುವುದು ಹೆಚ್ಚಾಗಿ ಡಿಎನ್‌ಎ ಓದುವ ಯಂತ್ರಕ್ಕೆ ಹಾಕುವ ಮುಂಚೆಯೇ. ಮಲವನ್ನು ಹೊರಗಿಟ್ಟರೆ ಇ. ಕೋಲೈಯಂಥವು ಬೆಳೆದು ಪ್ರಮಾಣವನ್ನೇ ಬದಲಿಸುತ್ತವೆ. ಸಣ್ಣ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಬೇಗನೆ ಮೈನಸ್ 80 ಡಿಗ್ರಿಯಲ್ಲಿಡಿ. ಪದೇ ಪದೇ ಕರಗಿಸಬೇಡಿ. ಫ್ರೀಜರ್ ದೂರವಿದ್ದರೆ ಡಿಎನ್‌ಎ ಕಾಪಾಡುವ ದ್ರಾವಣವಿರುವ ಟ್ಯೂಬ್ ಕೊಡಿ, ಆದರೆ ಒಂದೇ ಅಧ್ಯಯನದಲ್ಲಿ ಎರಡೂ ಕ್ರಮ ಬೆರೆಸಬೇಡಿ. ಕಳೆದ ಮೂರು ತಿಂಗಳಲ್ಲಿ ಆ್ಯಂಟಿಬಯಾಟಿಕ್ ತೆಗೆದುಕೊಂಡಿದ್ದಾರೆಯೇ, ಮಲ ಗಟ್ಟಿಯೋ ತೆಳುವೋ ಎಂದು ತಪ್ಪದೆ ಬರೆದುಕೊಳ್ಳಿ. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಬಗ್ಗೆಯೂ ಕೇಳಿ: ಆ ಮಾತ್ರೆಯೇ ಬ್ಯಾಕ್ಟೀರಿಯಾಗಳನ್ನು ಏರುಪೇರು ಮಾಡುತ್ತದೆ, ಅದನ್ನು ಮಧುಮೇಹದ ಗುರುತೆಂದು ತಪ್ಪು ತಿಳಿಯುವುದು ಸುಲಭ.

ಡಿಎನ್‌ಎ ತೆಗೆಯಲು 200 ಮಿಲಿಗ್ರಾಂ ಮಲ ಸಾಕು. 0.1 ಮಿಲಿಮೀಟರಿನ ಜಿರ್ಕೋನಿಯಾ ಮಣಿಗಳೊಂದಿಗೆ ಬೀಡ್ ಬೀಟರ್‌ನಲ್ಲಿ (ಮಣಿಗಳಿಂದ ಜೀವಕೋಶ ಒಡೆಯುವ ಯಂತ್ರ) ಕುಲುಕಿ, ನಡುನಡುವೆ ಮಂಜುಗಡ್ಡೆಯ ಮೇಲಿಡಿ. ಈ ಹಂತ ಬಿಟ್ಟರೆ ದಪ್ಪ ಗೋಡೆಯ ಗ್ರಾಂ ಪಾಸಿಟಿವ್ ಜೀವಕೋಶಗಳು ಒಡೆಯುವುದಿಲ್ಲ. ಅಂಥದ್ದೇ ಆದ ಬೈಫಿಡೋಬ್ಯಾಕ್ಟೀರಿಯಂ ಇದ್ದೂ ಕಡಿಮೆಯೆಂದು ತೋರುತ್ತದೆ. ಮಲವಿಲ್ಲದ ಒಂದು ಖಾಲಿ ಟ್ಯೂಬನ್ನೂ, ಯಾವ್ಯಾವ ಬ್ಯಾಕ್ಟೀರಿಯಾ ಎಷ್ಟೆಷ್ಟಿವೆ ಎಂದು ಮೊದಲೇ ತಿಳಿದಿರುವ ಒಂದು ಮಿಶ್ರಣವನ್ನೂ ಕೊನೆಯವರೆಗೂ ಜೊತೆಗೇ ಸಾಗಿಸಿ. ಏಕೆಂದರೆ ಕಿಟ್‌ನ ದ್ರಾವಣಗಳಲ್ಲೇ ಪರಕೀಯ ಡಿಎನ್‌ಎ ಇರುತ್ತದೆ, ಅದು ಖಾಲಿ ಟ್ಯೂಬಿನಲ್ಲಿ ಕಾಣುತ್ತದೆ; ಮಿಶ್ರಣವು ವಿಧಾನದ ತಪ್ಪನ್ನು ತೋರಿಸುತ್ತದೆ.

ಪಿಸಿಆರ್‌ಗೆ (ಡಿಎನ್‌ಎಯ ಆಯ್ದ ಭಾಗವನ್ನು ಹಲವು ಪಟ್ಟು ನಕಲಿಸುವ ಕ್ರಮ) ವಿ3–ವಿ4 ಭಾಗದ 341ಎಫ್ ಮತ್ತು 805ಆರ್ ಪ್ರೈಮರ್ (ನಕಲು ಎಲ್ಲಿಂದ ಶುರುವಾಗಬೇಕೆಂದು ಗುರುತಿಸುವ ಚಿಕ್ಕ ಡಿಎನ್‌ಎ ತುಂಡು) ಬಳಸಿ, 25 ಸುತ್ತು ಓಡಿಸಿ. ಸುತ್ತು ಹೆಚ್ಚಿದಷ್ಟೂ ಎರಡು ಜೀವಿಗಳ ತುಂಡುಗಳು ಸೇರಿದ ಸುಳ್ಳು ಅನುಕ್ರಮಗಳು ಹೆಚ್ಚುತ್ತವೆ. ಜೆಲ್‌ನಲ್ಲಿ ನಕಲಿನ ಗೆರೆ (ಬ್ಯಾಂಡ್) ಬಾರದಿದ್ದರೆ ಡಿಎನ್‌ಎಯನ್ನು ಹತ್ತು ಪಟ್ಟು ತೆಳುಗೊಳಿಸಿ ನೋಡಿ: ಪಿತ್ತದ ಲವಣಗಳು ನಕಲು ಮಾಡುವ ಕಿಣ್ವವಾದ ಪಾಲಿಮರೇಸನ್ನು ತಡೆಯುತ್ತಿರಬಹುದು.

ಸಿಗುವ ತುಂಡು ಸುಮಾರು 460 ಬೇಸ್. ಯಂತ್ರದಲ್ಲಿ ಎರಡೂ ಬದಿಯಿಂದ 300 ಬೇಸ್ ಓದಿದರೆ ನಡುವೆ 140 ಮಾತ್ರ ಒಂದರ ಮೇಲೊಂದು ಬರುತ್ತವೆ. ಓದಿದ ಅನುಕ್ರಮಗಳನ್ನು ಶುದ್ಧಗೊಳಿಸಿ ಜೋಡಿಸುವ ತಂತ್ರಾಂಶ ಡಾಡಾ2ರಲ್ಲಿ ಗುಣಮಟ್ಟಕ್ಕಾಗಿ ತುದಿಗಳನ್ನು ಒಟ್ಟು 120ಕ್ಕಿಂತ ಹೆಚ್ಚು ಕತ್ತರಿಸಿದರೆ ಜೋಡಣೆ ವಿಫಲವಾಗತೊಡಗುತ್ತದೆ. ಯಾವ ಅನುಕ್ರಮ ಯಾವ ಬ್ಯಾಕ್ಟೀರಿಯಾದ್ದೆಂದು ಹೆಸರಿಡಲು ಆರ್‌ಆರ್‌ಎನ್‌ಎ ಅನುಕ್ರಮಗಳ ಸಂಗ್ರಹವಾದ ಸಿಲ್ವಾ ದತ್ತಾಂಶ ಬಳಸಿ.

ಈ ವರದಿಯನ್ನಷ್ಟೇ ನಂಬಿ ಯಾರಿಗೂ ರೋಗವಿದೆ ಎನ್ನಬೇಡಿ. ಅದು ಕೊಡುವುದು ಪ್ರಮಾಣವನ್ನು, ವಿಷ ಉತ್ಪಾದಿಸುವ ಶಕ್ತಿಯ ಮಾಹಿತಿಯನ್ನಲ್ಲ. ಭೇದಿ ತರುವ ಬ್ಯಾಕ್ಟೀರಿಯಾ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಶಂಕೆಯಿದ್ದರೆ ಅದರ ವಿಷದ ಜೀನ್ ಆದ ಟಿಸಿಡಿಬಿಗೇ ಪಿಸಿಆರ್ ಮಾಡಿ; ಅದೂ 24 ಗಂಟೆಯಲ್ಲಿ ಮೂರು ಅಥವಾ ಹೆಚ್ಚು ಬಾರಿ ಭೇದಿಯಾದವರಿಗೆ ಮಾತ್ರ. ರೋಗವಿಲ್ಲದೆ ಅದನ್ನು ಹೊತ್ತವರಲ್ಲೂ ಜೀನ್ ಸಿಗುವುದರಿಂದ, ಪಾಸಿಟಿವ್ ಬಂದರೆ ಮಲದಲ್ಲಿ ವಿಷದ ಪ್ರೋಟೀನ್ ಇದೆಯೇ ಎಂದೂ ಪರೀಕ್ಷಿಸಿ.