ಕಾಲಿನ ಬೆಲೆ ಕಟ್ಟುವುದು: ವಾನ್ ಪಿಯೇರ್ ಟ್ರೇಡನ್ನು ನಾನು ತೂಗಿದ ಬಗೆ

2005ರ ಡಿಸೆಂಬರ್‌ನಲ್ಲಿ ಶಿಕಾಗೊ ಕಬ್ಸ್ ಎಂಬ ಅಮೆರಿಕದ ಬೇಸ್‌ಬಾಲ್ ತಂಡ ಮೂವರು ಯುವ ಪಿಚರ್‌ಗಳನ್ನು (ಚೆಂಡು ಎಸೆಯುವವರನ್ನು) ಫ್ಲೋರಿಡಾ ಮಾರ್ಲಿನ್ಸ್‌ಗೆ ಕೊಟ್ಟು ವಾನ್ ಪಿಯೇರ್‌ನನ್ನು ತಂದಿತು. ಸರ್ಜಿಯೊ ಮಿತ್ರೆ, ರಿಕಿ ನೊಲಾಸ್ಕೊ, ರೆನ್ಯೆಲ್ ಪಿಂಟೊ ಹೋದವರು. ಬಂದವನು ಲೀಗಿನಲ್ಲೇ ಹೆಸರಾದ ಓಟಗಾರ, ಆ ವರ್ಷ 57 ಬೇಸ್ ಕದ್ದಿದ್ದ (ಪಿಚರ್ ಚೆಂಡೆಸೆಯುವಾಗಲೇ ಮುಂದಿನ ಬೇಸ್‌ಗೆ ಓಡಿಬಿಡುವುದೇ ಕದಿಯುವುದು, ಅಂದರೆ ಸ್ಟೀಲ್), ಬ್ಯಾಟಿಂಗ್ ಕ್ರಮದಲ್ಲಿ ಮೊದಲು ಬರುವ ಎಡಗೈ ಲೀಡ್‌ಆಫ್ ಬ್ಯಾಟರ್. ಕಬ್ಸ್ ಮೊದಲು ಕಣ್ಣಿಟ್ಟಿದ್ದು ರಫಾಯೆಲ್ ಫುರ್ಕಾಲ್ ಮೇಲೆ. ಆತ ಮೂರು ವರ್ಷಕ್ಕೆ 39 ಮಿಲಿಯನ್ ಡಾಲರ್ ಒಪ್ಪಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಹೋದ ಮೇಲೆ ಪಿಯೇರ್ ಸರದಿ ಬಂತು. ವೇಗದ ಲೀಡ್‌ಆಫ್ ಆಟಗಾರನನ್ನು ಕೊಳ್ಳಬೇಕೇ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಎರಡೂ ಕಡೆಯವರ ಮಾತಿನಲ್ಲೂ ಹುರುಳಿದೆ, ಅಂಕಿಗಳೂ ಪೂರ್ತಿ ಸಿಗುತ್ತವೆ.

ಇಂಥ ಟ್ರೇಡ್ ಬಂದಾಗ ನಾನು ಮೊದಲು ಎಕ್ಸೆಲ್‌ನಲ್ಲಿ ಒಂದು ಹಾಳೆ ತೆರೆದು ಐದು ಸಾಲು ಬರೆದುಕೊಳ್ಳುತ್ತೇನೆ: ಬ್ಯಾಟ್, ಕದ್ದ ಬೇಸ್, ಉಳಿದ ಓಟ, ಫೀಲ್ಡಿಂಗ್, ಕೊಟ್ಟ ಬೆಲೆ. ಎಲ್ಲವನ್ನೂ ರನ್‌ಗೆ ಇಳಿಸುತ್ತೇನೆ. ಹತ್ತು ರನ್‌ಗೆ ಸುಮಾರು ಒಂದು ಗೆಲುವು ಎಂಬ ಲೆಕ್ಕ. ರನ್‌ಗೆ ಇಳಿಸದೆ ವಾದಕ್ಕೆ ಕೂತರೆ ಒಬ್ಬ 57 ಸ್ಟೀಲ್ ಅನ್ನುತ್ತಾನೆ, ಇನ್ನೊಬ್ಬ .326 ಆನ್‌ಬೇಸ್ (ಔಟಾಗದೆ ಬೇಸ್ ತಲುಪಿದ ಸರದಿಗಳ ಪಾಲು) ಅನ್ನುತ್ತಾನೆ, ಎರಡೂ ಒಂದೇ ತಕ್ಕಡಿಗೆ ಬರುವುದೇ ಇಲ್ಲ.

ಬ್ಯಾಟಿನ ಸಾಲಿಗೆ ಬಳಸುವ ತೂಕಗಳು ಸುಮಾರು ಹೀಗಿವೆ: ಸಿಂಗಲ್ (ಒಂದು ಬೇಸ್ ತಲುಪಿಸಿದ ಹೊಡೆತ, ಅಂದರೆ ಹಿಟ್) 0.47 ರನ್, ಡಬಲ್ (ಎರಡು ಬೇಸ್) 0.78, ಟ್ರಿಪಲ್ (ಮೂರು) 1.05, ಹೋಮ್‌ರನ್ (ನಾಲ್ಕೂ) 1.40, ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ಟದ್ದಕ್ಕೆ ಸಿಗುವ ಮೊದಲ ಬೇಸ್) ಅಥವಾ ಮೈಗೆ ತಾಗಿದ ಚೆಂಡು 0.33, ಪ್ರತಿ ಔಟ್‌ಗೆ ಮೈನಸ್ 0.28. ವರ್ಷದಿಂದ ವರ್ಷಕ್ಕೆ ತುಸು ಏರಿಳಿತವಿದ್ದರೂ ತೀರ್ಪು ಬದಲಾಗುವಷ್ಟಲ್ಲ. 2006ರಲ್ಲಿ ಕಬ್ಸ್ ಪರ ಪಿಯೇರ್ 162 ಪಂದ್ಯ ಆಡಿದ. 699 ಅಟ್‌ಬ್ಯಾಟ್ (ವಾಕ್ ಮುಂತಾದವನ್ನು ಬಿಟ್ಟ ಸರದಿಗಳು), 204 ಹಿಟ್. ಹಿಟ್‌ಗಳಲ್ಲಿ ಇಡೀ ನ್ಯಾಷನಲ್ ಲೀಗ್‌ಗೇ ಮೊದಲಿಗ. ಅದರಲ್ಲಿ 32 ಡಬಲ್, 13 ಟ್ರಿಪಲ್, 3 ಹೋಮ್‌ರನ್. ಉಳಿದ 156 ಸಿಂಗಲ್. ವಾಕ್ 32, ಮೈಗೆ ತಾಗಿದ್ದು 8. ಇವನ್ನೆಲ್ಲ ತೂಕದಿಂದ ಗುಣಿಸಿ ಕೂಡಿದರೆ 129 ರನ್ ಬರುತ್ತದೆ. ಆದರೆ 699ರಲ್ಲಿ 204 ಕಳೆದರೆ 495 ಔಟ್. ಅದನ್ನು 0.28ರಿಂದ ಗುಣಿಸಿದರೆ 138ಕ್ಕೂ ಮೇಲೆ. ಅಂದರೆ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಟ್ ಹೊಡೆದವನು ಬ್ಯಾಟ್ ಹಿಡಿದು ಸರಾಸರಿ ಆಟಗಾರನಿಗಿಂತ 9 ರನ್ ಹಿಂದೆ!

ಇದನ್ನು ತೋರಿಸಿದಾಗ ಬಹಳ ಜನ ನಂಬುವುದಿಲ್ಲ. 204 ಹಿಟ್ ಕಣ್ಣಿಗೆ ಕಾಣುತ್ತದೆ, 495 ಔಟ್ ಯಾವ ಪತ್ರಿಕೆಯ ಪಟ್ಟಿಯಲ್ಲೂ ಇರುವುದಿಲ್ಲ. ಲೀಡ್‌ಆಫ್ ಸ್ಥಾನದ ಅಪಾಯವೂ ಇದೇ. ಬ್ಯಾಟಿಂಗ್ ಕ್ರಮದಲ್ಲಿ ಒಂದು ಸ್ಥಾನ ಮೇಲೆ ಹೋದರೆ ಸೀಸನ್‌ಗೆ ಸುಮಾರು 18 ಸರದಿ ಹೆಚ್ಚು ಸಿಗುತ್ತದೆ (162 ಪಂದ್ಯವನ್ನು ಒಂಬತ್ತರಿಂದ ಭಾಗಿಸಿ ನೋಡಿ). ಕ್ರಿಕೆಟ್‌ನ ಆರಂಭಿಕ ಆಟಗಾರ ಔಟಾದರೆ ಆ ಇನ್ನಿಂಗ್ಸ್‌ಗೆ ಅವನ ಕತೆ ಮುಗಿಯಿತು. ಇಲ್ಲಿ ಅದೇ ಮನುಷ್ಯ ದಿನಕ್ಕೆ ನಾಲ್ಕೈದು ಬಾರಿ ಮತ್ತೆ ಬರುತ್ತಾನೆ. ಹಾಗಾಗಿ ಪಂದ್ಯಕ್ಕೆ ತಂಡದ ಪಾಲಿನ 27 ಔಟ್‌ಗಳಲ್ಲಿ ಅತಿ ದೊಡ್ಡ ಪಾಲನ್ನು ಯಾರ ಕೈಗೆ ಕೊಡುತ್ತಿದ್ದೇವೆ ಎಂಬುದೇ ಲೀಡ್‌ಆಫ್ ಆಯ್ಕೆಯ ಮೊದಲ ಪ್ರಶ್ನೆ. ಪಿಯೇರ್‌ನ ಆನ್‌ಬೇಸ್ 2006ರಲ್ಲಿ .330, ಲೀಗಿನ ಸರಾಸರಿಗೂ ತುಸು ಕೆಳಗೆ.

ಆನ್‌ಬೇಸ್ ಎಷ್ಟು ಎಂದು ನೋಡಿದರೆ ಸಾಲದು, ಅದು ಯಾವುದರ ಮೇಲೆ ನಿಂತಿದೆ ಎಂದೂ ನೋಡಬೇಕು. ಪಿಯೇರ್‌ನ ವಾಕ್‌ಗಳು 2003ರಿಂದ ಹೀಗೆ: 55, 45, 41, 32. ಆತ ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಮೂರು ಸ್ಟ್ರೈಕ್‌ಗೆ ಔಟ್) ಆಗುವುದೇ ಅಪರೂಪ, 2006ರಲ್ಲಿ ಬರೀ 38. ಹಾಗಾಗಿ ಹೆಚ್ಚುಕಮ್ಮಿ ಪ್ರತಿ ಸರದಿಯಲ್ಲೂ ಚೆಂಡು ಮೈದಾನಕ್ಕೆ ಬೀಳುತ್ತದೆ, ಮುಂದಿನದು ಫೀಲ್ಡರ್‌ಗಳ ಕೈಯಲ್ಲಿ. ಸಿಂಗಲ್‌ಗಳು ಸಂದಿಯಲ್ಲಿ ತೂರಿದ 2004ರಲ್ಲಿ ಬ್ಯಾಟಿಂಗ್ ಸರಾಸರಿ (ಅಟ್‌ಬ್ಯಾಟ್‌ಗಳಲ್ಲಿ ಹಿಟ್‌ಗಳ ಪಾಲು) .326, ಆನ್‌ಬೇಸ್ .374. ಮರುವರ್ಷ ಸರಾಸರಿ .276ಕ್ಕೆ ಇಳಿದಾಗ ಆನ್‌ಬೇಸ್ ಕೂಡ ಜೊತೆಗೇ .326ಕ್ಕೆ ಬಿತ್ತು. ಆಟಗಾರ ಅದೇ, ಕಾಲೂ ಅದೇ. ಹೆಸರಾಂತ ಲೀಡ್‌ಆಫ್ ಆಟಗಾರ ರಿಕಿ ಹೆಂಡರ್ಸನ್‌ನನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ವೃತ್ತಿಜೀವನದ ಸರಾಸರಿ .279 ಮಾತ್ರ, ಆನ್‌ಬೇಸ್ .401. ಹಿಟ್ ಸಿಗದ ತಿಂಗಳಲ್ಲೂ ವಾಕ್ ಸಿಗುತ್ತಿತ್ತು. 1989ರ ಜೂನ್‌ನಲ್ಲಿ ಯಾಂಕೀಸ್‌ನಿಂದ ಹೆಂಡರ್ಸನ್‌ನನ್ನು ವಾಪಸ್ ತಂದ ಓಕ್ಲೆಂಡ್ ಆ ವರ್ಷವೇ ವರ್ಲ್ಡ್ ಸೀರೀಸ್ ಗೆದ್ದಿತು. ಆದರೆ ಆ ಟ್ರೇಡನ್ನು ತೋರಿಸಿ ‘ವೇಗ ಕೊಂಡರೆ ಕಪ್ ಬರುತ್ತದೆ’ ಅನ್ನುವವರಿಗೆ ನಾನು ವಾಕ್‌ಗಳ ಸಾಲನ್ನು ಓದಲು ಹೇಳುತ್ತೇನೆ.

ವಾಕ್ ಇದ್ದರೂ ಒಂದು ಎಚ್ಚರ ಬೇಕು. ಬ್ಯಾಟಿನಲ್ಲಿ ಬಲವಿಲ್ಲದವನ ವಾಕ್ ಬಾಳುವುದು ಕಷ್ಟ. ಕಾಲು ತುಸು ಮಂದವಾದದ್ದೇ ತಡ, ಪಿಚರ್‌ಗಳು ಹೆದರದೆ ಸ್ಟ್ರೈಕ್ ಹಾಕತೊಡಗುತ್ತಾರೆ. ಷಾನ್ ಫಿಗಿನ್ಸ್ 2009ರಲ್ಲಿ 101 ವಾಕ್, .395 ಆನ್‌ಬೇಸ್ ಇಟ್ಟುಕೊಂಡು ಸಿಯಾಟಲ್ ಮ್ಯಾರಿನರ್ಸ್‌ನಿಂದ ನಾಲ್ಕು ವರ್ಷಕ್ಕೆ 36 ಮಿಲಿಯನ್ ಪಡೆದ. ಅಲ್ಲಿ ಆನ್‌ಬೇಸ್ ಮೊದಲ ವರ್ಷ .340, ಎರಡನೇ ವರ್ಷ .241.

ಈಗ ಸ್ಟೀಲ್. ಇಲ್ಲಿ ನಾನು ಬಳಸುವುದು ರನ್ ನಿರೀಕ್ಷೆಯ ಕೋಷ್ಟಕ, ಅಂದರೆ ಬೇಸ್‌ಗಳ ಸ್ಥಿತಿ ಮತ್ತು ಔಟ್‌ಗಳ ಸಂಖ್ಯೆ ಹೀಗಿದ್ದಾಗ ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಸರಾಸರಿ ಎಷ್ಟು ರನ್ ಬರುತ್ತದೆ ಎಂಬ ಪಟ್ಟಿ. 1999ರಿಂದ 2002ರ ಪಂದ್ಯಗಳ ಪ್ರಕಾರ ಔಟಿಲ್ಲದೆ ಮೊದಲ ಬೇಸ್‌ನಲ್ಲಿ ಒಬ್ಬನಿದ್ದರೆ ಸುಮಾರು 0.95. ಆತ ಕದ್ದು ಎರಡಕ್ಕೆ ಹೋದರೆ 1.19. ಸಿಕ್ಕಿಬಿದ್ದರೆ ಒಂದು ಔಟ್, ಬೇಸ್ ಖಾಲಿ, 0.30. ಗೆದ್ದರೆ 0.24 ಲಾಭ, ಸೋತರೆ 0.65 ನಷ್ಟ. 0.65ನ್ನು ಎರಡರ ಮೊತ್ತ 0.89ರಿಂದ ಭಾಗಿಸಿದರೆ 0.73. ನೂರಕ್ಕೆ 73 ಸಲ ಗೆದ್ದರೆ ಅಸಲು ಸರಿಹೋಯಿತು, ಅಷ್ಟೇ. ಒಂದು ಔಟ್ ಇದ್ದಾಗಲೂ, ಎರಡು ಇದ್ದಾಗಲೂ ಅಸಲಿನ ಗೆರೆ ಇದರ ಆಸುಪಾಸಿನಲ್ಲೇ ಇರುತ್ತದೆ. ಎಲ್ಲ ಸಂದರ್ಭಗಳ ಸರಾಸರಿ ತೆಗೆದರೆ ಒಂದು ಸ್ಟೀಲ್‌ಗೆ ಸುಮಾರು 0.2 ರನ್ ಲಾಭ, ಸಿಕ್ಕಿಬಿದ್ದರೆ 0.45 ನಷ್ಟ.

ಪಿಯೇರ್ 2006ರಲ್ಲಿ 58 ಕದ್ದ, 20 ಸಲ ಸಿಕ್ಕಿಬಿದ್ದ. ಶೇಕಡಾ 74. ಲಾಭ 11.6, ನಷ್ಟ 9, ಉಳಿದದ್ದು 2.6 ರನ್. ವರ್ಷವಿಡೀ 78 ಪ್ರಯತ್ನ, ಪ್ರೇಕ್ಷಕರು ಎದ್ದು ನಿಂತು ನೋಡಿದ ಅಷ್ಟೂ ಓಟದ ನಿವ್ವಳ ಫಲ ಎರಡು ಹೋಮ್‌ರನ್‌ನಷ್ಟೂ ಅಲ್ಲ. 2005ರಲ್ಲಿ 57ಕ್ಕೆ 17, ಉಳಿಕೆ ಸುಮಾರು 4. 2004ರಲ್ಲಿ 45ಕ್ಕೆ 24, ನೇರ ನಷ್ಟ. ಇನ್ನೊಂದು ವಿಷಯ: ಮೊದಲ ಬೇಸ್‌ಗೆ ಹಿಂದಿರುಗುವಾಗ ಪಿಕಾಫ್ (ಪಿಚರ್ ಆ ಬೇಸ್‌ಗೇ ಎಸೆದು ಔಟ್) ಆದದ್ದು ‘ಸಿಕ್ಕಿಬಿದ್ದ’ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಬೇರೆಯಾಗಿ ಹುಡುಕಿ ಕಳೆಯಬೇಕು. ಹಾಗೆಯೇ ಹಿಟ್-ಅಂಡ್-ರನ್‌ನಲ್ಲಿ (ಬ್ಯಾಟರ್ ಹೊಡೆಯುತ್ತಾನೆಂದು ನಂಬಿ ಓಟಗಾರ ಮೊದಲೇ ಓಡುವ ತಂತ್ರ) ಬ್ಯಾಟರ್ ಚೆಂಡಿಗೆ ಬ್ಯಾಟ್ ತಾಗಿಸದೆ ಹೋದದ್ದರಿಂದ ಔಟಾದರೆ ಅದು ಪಾಪ ಓಟಗಾರನ ತಲೆಗೇ ಬರುತ್ತದೆ.

‘ಸಿಂಗಲ್ ಹೊಡೆದು ಒಂದು ಕದ್ದರೆ ಡಬಲ್ ಹೊಡೆದ ಹಾಗೇ ಅಲ್ಲವೇ?’ ಎಂಬ ಮಾತು ಪ್ರತಿ ವಾದದಲ್ಲೂ ಬರುತ್ತದೆ. ಅಲ್ಲ. 0.47ಕ್ಕೆ 0.2 ಕೂಡಿದರೆ 0.67, ಡಬಲ್‌ಗೆ 0.78. ಡಬಲ್ ತನ್ನ ಮುಂದಿದ್ದವರನ್ನೂ ಮನೆಗೆ ಕಳಿಸುತ್ತದೆ, ಕಳ್ಳತನ ಕಳಿಸುವುದಿಲ್ಲ. ಅದೂ ಸಿಕ್ಕಿಬಿದ್ದದ್ದನ್ನು ಕಳೆಯುವ ಮೊದಲು.

ಮುಂದೆ ಕಾಲು ನಡೆಯುತ್ತದೋ ಇಲ್ಲವೋ ಎಂದು ತಿಳಿಯಲು ಸ್ಟಾಪ್‌ವಾಚ್ ಸಾಕು. ಪಿಚರ್ ಕಾಲೆತ್ತಿದಲ್ಲಿಂದ ಚೆಂಡು ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಹಿಡಿಯುವವ) ಕೈಗೆ ಬರಲು ಸುಮಾರು 1.3 ಸೆಕೆಂಡ್, ಕ್ಯಾಚರ್ ಹಿಡಿದು ಎರಡನೇ ಬೇಸ್‌ಗೆ ಎಸೆಯಲು 2.0. ಒಟ್ಟು 3.3. ಓಟಗಾರ ತನ್ನ ಲೀಡ್‌ನಿಂದ (ಬೇಸ್ ಬಿಟ್ಟು ಮುಂದೆ ನಿಂತ ಜಾಗದಿಂದ) ಎರಡನೇ ಬೇಸ್ ಮುಟ್ಟಲು 3.3ರ ಒಳಗಿದ್ದರೆ ಸುರಕ್ಷಿತ. ಪಿಚರ್ 1.2ಕ್ಕೆ ಇಳಿಸಿದರೆ ಅದೇ ಓಟಗಾರ ಔಟ್. ಬ್ಯಾಟಿನಿಂದ ಮೊದಲ ಬೇಸ್‌ಗೆ ಎಡಗೈಯವ 4.0ರ ಒಳಗೆ ಓಡಿದರೆ ಅಪರೂಪದ ವೇಗ. ಈಗ ಸ್ಟ್ಯಾಟ್‌ಕಾಸ್ಟ್ ಎಂಬ ಅಳತೆಯ ವ್ಯವಸ್ಥೆ ಇರುವುದರಿಂದ ಸೆಕೆಂಡಿಗೆ ಎಷ್ಟು ಅಡಿ ಎಂಬುದು ನೇರವಾಗಿ ಸಿಗುತ್ತದೆ: ಸರಾಸರಿ 27, ಅತಿವೇಗದವರು 30. ಈ ಅಂಕಿಯನ್ನು ಮೂರು ವರ್ಷ ಸಾಲಾಗಿ ನೋಡಿ. ವರ್ಷವರ್ಷವೂ ಇಳಿಯುತ್ತಿದ್ದರೆ ದೀರ್ಘ ಒಪ್ಪಂದಕ್ಕೆ ಕೈಹಾಕಬೇಡಿ.

2023ರಿಂದ ಈ ಸಾಲನ್ನು ಬೇರೆ ರೀತಿ ಓದಬೇಕು. ಬೇಸ್ 15 ಅಂಗುಲದಿಂದ 18ಕ್ಕೆ ಹಿಗ್ಗಿತು, ಒಂದರಿಂದ ಎರಡಕ್ಕೆ ದೂರ ನಾಲ್ಕೂವರೆ ಅಂಗುಲ ಕಡಿಮೆಯಾಯಿತು, ಪಿಚರ್‌ಗೆ ಪ್ರತಿ ಬ್ಯಾಟರ್ ಎದುರು ಎರಡೇ ಸಲ ರಬ್ಬರ್ (ಕಾಲಿಟ್ಟು ಎಸೆಯುವ ಫಲಕ) ಬಿಟ್ಟಿಳಿದು ಓಟಗಾರನನ್ನು ತಡೆಯುವ ಅವಕಾಶ. ಲೀಗಿನ ಒಟ್ಟು ಸ್ಟೀಲ್ 2022ರ 2,486ರಿಂದ 3,503ಕ್ಕೆ ಏರಿತು, ಯಶಸ್ಸು ಶೇಕಡಾ 80 ಮುಟ್ಟಿತು. ಹಳೆಯ 74 ಇಂದು ಸರಾಸರಿಗಿಂತ ಕೆಳಗೆ. ಎಲ್ಲರೂ ಕದಿಯುವಾಗ ಕದಿಯುವವನಿಗೆ ಹೆಚ್ಚಿನ ಬೆಲೆ ಕೊಡುವುದೇಕೆ?

ಉಳಿದ ಓಟದ ಸಾಲಿನಲ್ಲಿ ವೇಗದ ಪರ ಇರುವವರಿಗೆ ನಿಜವಾದ ಬಲವಿದೆ. ಸಿಂಗಲ್‌ಗೆ ಒಂದರಿಂದ ಮೂರಕ್ಕೆ ಹೋಗುವುದು, ಎರಡರಿಂದ ಮನೆ ಸೇರುವುದು, ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ತಪ್ಪಿಸುವುದು, ಇವೆಲ್ಲ ಸೇರಿ ಒಳ್ಳೆಯ ಓಟಗಾರನಿಗೆ ವರ್ಷಕ್ಕೆ ನಾಲ್ಕೈದು ರನ್ ಕೊಡಬಲ್ಲವು. ಸ್ಟೀಲ್‌ಗಿಂತ ಇದೇ ಹೆಚ್ಚು, ಯಾರೂ ಎಣಿಸುವುದಿಲ್ಲ. ಪಿಚರ್‌ನ ಗಮನ ಕೆಡುತ್ತದೆ ಎಂಬ ವಾದಕ್ಕೆ ಮಾತ್ರ ನಾನು ಸೊನ್ನೆ ಹಾಕುತ್ತೇನೆ. ಓಟಗಾರನಿಗೆ ದಾರಿ ಕೊಡಲು ಎರಡನೇ ಬ್ಯಾಟರ್ ಒಳ್ಳೆಯ ಚೆಂಡುಗಳನ್ನು ಬಿಡುತ್ತಾ ಸ್ಟ್ರೈಕ್ ಹೊತ್ತುಕೊಳ್ಳುತ್ತಾನಲ್ಲ, ಆ ನಷ್ಟವನ್ನು ಯಾರು ತುಂಬುತ್ತಾರೆ?

ಫೀಲ್ಡಿಂಗ್ ಬೇಗ ಮುಗಿಸುತ್ತೇನೆ. ಸೆಂಟರ್‌ಫೀಲ್ಡ್‌ನಲ್ಲಿ ಪಿಯೇರ್‌ನ ಕಾಲು ಚೆಂಡನ್ನು ಮುಟ್ಟುತ್ತಿತ್ತು, ತೋಳು ಮಾತ್ರ ದುರ್ಬಲ. ಎದುರಾಳಿಗಳಿಗೆ ಅದು ಗೊತ್ತಿತ್ತು, ಒಂದೊಂದು ಬೇಸ್ ಹೆಚ್ಚು ಓಡುತ್ತಿದ್ದರು. ಒಂದು ಇನ್ನೊಂದನ್ನು ತಿಂದುಹಾಕಿತು ಎಂದು ಬಿಟ್ಟುಬಿಡುತ್ತೇನೆ.

ಇಷ್ಟಕ್ಕೇ ನಿಲ್ಲಿಸಿದರೆ ಅನ್ಯಾಯ. ಬಂದವನನ್ನು ಲೀಗಿನ ಸರಾಸರಿಗೆ ಹೋಲಿಸಿದರೆ ಸಾಲದು, ಅದೇ ಜಾಗದಲ್ಲಿ ಮೊದಲಿದ್ದವನಿಗೂ ಹೋಲಿಸಬೇಕು. 2005ರಲ್ಲಿ ಕಬ್ಸ್‌ನ ಸೆಂಟರ್‌ಫೀಲ್ಡರ್ ಕೋರಿ ಪ್ಯಾಟರ್ಸನ್. ಸರಾಸರಿ .215, ಆನ್‌ಬೇಸ್ .254, ನಡುವೆ ಕೆಳಗಿನ ಹಂತದ ಮೈನರ್ ಲೀಗ್‌ಗೂ ಕಳಿಸಬೇಕಾಯಿತು. ಅದೇ ತೂಕಗಳನ್ನು ಹಾಕಿದರೆ ಬರೀ 451 ಅಟ್‌ಬ್ಯಾಟ್‌ನಲ್ಲಿ 25 ರನ್‌ಗೂ ಮೇಲೆ ನಷ್ಟ. ಅದರ ಪಕ್ಕದಲ್ಲಿ ಪಿಯೇರ್‌ನ ಮೈನಸ್ 9, ಓಟದಿಂದ ಪ್ಲಸ್ 6 ಅಥವಾ 7. ಸುಮಾರು ಎರಡು ಗೆಲುವಿನ ಸುಧಾರಣೆ. ಹಾಗಾಗಿ ಕೊಂಡದ್ದೇ ತಪ್ಪು ಎಂಬುವವರ ಜೊತೆ ನಾನು ನಿಲ್ಲುವುದಿಲ್ಲ. 2006ರಲ್ಲಿ ಕಬ್ಸ್ 66 ಗೆದ್ದು 96 ಸೋತದ್ದನ್ನೂ ಪಿಯೇರ್ ಮೇಲೆ ಹಾಕುವಂತಿಲ್ಲ. ತಂಡದ ಮುಖ್ಯ ಬ್ಯಾಟರ್ ಡೆರೆಕ್ ಲೀ ಏಪ್ರಿಲ್‌ನಲ್ಲೇ ಮಣಿಕಟ್ಟು ಮುರಿದುಕೊಂಡ, ಇಡೀ ತಂಡ ನ್ಯಾಷನಲ್ ಲೀಗ್‌ನಲ್ಲೇ ಅತಿ ಕಡಿಮೆ ವಾಕ್ ಪಡೆಯಿತು. ಹಸಿದ ತಂಡಕ್ಕೆ ಬೇಕಿದ್ದದ್ದು ವಾಕ್, ತಂದದ್ದು ಇನ್ನಷ್ಟು ಸಿಂಗಲ್.

ನನ್ನ ತಕರಾರು ಇರುವುದು ಬೆಲೆಯ ಸಾಲಿನಲ್ಲಿ. ಪಿಯೇರ್ ತಂಡದ ಕೈಯಲ್ಲಿ ಉಳಿಯುವುದು ಇನ್ನೊಂದೇ ವರ್ಷ. ಕೊಟ್ಟ ಪಿಚರ್‌ಗಳಲ್ಲಿ ನೊಲಾಸ್ಕೊ, ಪಿಂಟೊ ಇನ್ನೂ ಮೇಜರ್ ಲೀಗ್ ಮೆಟ್ಟಿಲನ್ನೇ ಹತ್ತಿರಲಿಲ್ಲ, ಅಂದರೆ ತಲಾ ಆರು ವರ್ಷ ಅಗ್ಗದ ಸಂಬಳಕ್ಕೆ ತಂಡದ ಕೈಯಲ್ಲಿ ಇರುವವರು. ಇಲ್ಲಿ ಲೆಕ್ಕ ಹಾಕುವಾಗ ಆಟಗಾರರನ್ನು ಎಣಿಸಬಾರದು, ವರ್ಷಗಳನ್ನು ಎಣಿಸಬೇಕು. ಒಂದು ಕಡೆ 1, ಇನ್ನೊಂದು ಕಡೆ ಹನ್ನೆರಡಕ್ಕೂ ಹೆಚ್ಚು. ಯುವ ಪಿಚರ್‌ಗಳಲ್ಲಿ ಅರ್ಧದಷ್ಟು ಜನ ಭುಜ, ಮೊಣಕೈ ಎಂದು ಕಳೆದುಹೋಗುತ್ತಾರೆ ಎಂದು ಧಾರಾಳವಾಗಿ ಅರ್ಧ ಕಡಿದರೂ ತಕ್ಕಡಿ ಮೇಲೇಳುವುದಿಲ್ಲ. ನೊಲಾಸ್ಕೊ ಮಾರ್ಲಿನ್ಸ್ ಪರ 81 ಪಂದ್ಯ ಗೆದ್ದ. ಪಿಯೇರ್ 2006ರ ನವೆಂಬರ್‌ನಲ್ಲಿ ಐದು ವರ್ಷಕ್ಕೆ 44 ಮಿಲಿಯನ್ ಒಪ್ಪಿ ಡಾಡ್ಜರ್ಸ್ ಸೇರಿದ.

ಕಬ್ಸ್ ಅಭಿಮಾನಿಗಳು ಈ ಹಂತದಲ್ಲಿ ಓಟಕ್ಕೆ ಹೆಸರಾದ ಲೂ ಬ್ರಾಕ್ ಹೆಸರೆತ್ತುತ್ತಾರೆ. 1964ರ ಜೂನ್ 15ರಂದು ಕಬ್ಸ್ ಆತನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ಪಿಚರ್ ಎರ್ನಿ ಬ್ರಾಗ್ಲಿಯೊನನ್ನು ತಂದಿತು, ಬ್ರಾಕ್ ಅಲ್ಲಿ .348 ಹೊಡೆದು ಆ ವರ್ಷವೇ ವರ್ಲ್ಡ್ ಸೀರೀಸ್ ಗೆದ್ದ. ಆ ನೋವು ಇನ್ನೂ ಇದೆ, ಒಪ್ಪುತ್ತೇನೆ. ಆದರೆ ಅಂದು ಬ್ರಾಕ್‌ಗೆ 25 ಕೂಡ ತುಂಬಿರಲಿಲ್ಲ, ಪಿಯೇರ್‌ಗೆ 28 ಆಗಿತ್ತು. ಏರುವ ಕಾಲಿಗೂ ಇಳಿಯಲಿರುವ ಕಾಲಿಗೂ ಒಂದೇ ಬೆಲೆ ಕೊಡಲಾಗದು.

ಹಾಳೆಯಲ್ಲಿ ಕಬ್ಸ್ ಕಡೆಗೆ ಇನ್ನೊಂದು ಜಮೆ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಪಿಯೇರ್ ಬಿಟ್ಟುಹೋದದ್ದಕ್ಕೆ ಪರಿಹಾರವಾಗಿ 2007ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಕ್ರಮ) ಒಂದು ಹೆಚ್ಚುವರಿ ಆಯ್ಕೆ ಸಿಕ್ಕಿತು, 48ನೆಯದು. ಅದರಲ್ಲಿ ಕಬ್ಸ್ ಆರಿಸಿದ್ದು ಜಾಶ್ ಡೊನಾಲ್ಡ್‌ಸನ್‌ನನ್ನು. ಮರುವರ್ಷವೇ ಆತನನ್ನೂ ಓಕ್ಲೆಂಡ್‌ಗೆ ಕೊಟ್ಟರು, 2015ರಲ್ಲಿ ಟೊರಾಂಟೊ ಪರ ಆಡುತ್ತಾ ಆತ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರನಾದ. ಡೊನಾಲ್ಡ್‌ಸನ್‌ನ ಸಾಧನೆಯನ್ನು ನಾನು ಈ ಟ್ರೇಡ್‌ಗೆ ಜಮಾ ಮಾಡುವುದಿಲ್ಲ, 48ನೇ ಆಯ್ಕೆಯ ಸಾಮಾನ್ಯ ಬೆಲೆಯನ್ನಷ್ಟೇ ಹಾಕುತ್ತೇನೆ. ನೊಲಾಸ್ಕೊನ 81 ಗೆಲುವನ್ನೂ ಹಾಗೆಯೇ ಪೂರ್ತಿ ಖರ್ಚಿಗೆ ಹಾಕುವುದಿಲ್ಲ. 2005ರ ಡಿಸೆಂಬರ್‌ನಲ್ಲಿ ಮೇಜಿನ ಎದುರು ಕೂತವರಿಗೆ ಗೊತ್ತಿರಬಹುದಾದ ಅಂಕಿಗಳು ಮಾತ್ರ ಬೆಲೆಯ ಸಾಲಿನಲ್ಲಿ ಬರುತ್ತವೆ, ಅವುಗಳಿಂದಲೇ ಕಬ್ಸ್‌ನ ಖಾತೆ ಮೈನಸ್‌ನಲ್ಲಿದೆ.